ಅತಿಥಿಗಳಿಗೆ ಎತ್ತಿಟ್ಟ ರೋಗಿಗಳು

ಮಾರ್ಚ್ ತಿಂಗಳ ಮೊದಲ ಸೋಮವಾರ ಮೋಫಾಟ್ ಮಾವ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಾಗಲೇ ಅವನನ್ನು ಮೇಜಿನ ಮೇಲೆ ಮಲಗಿಸಿ ಆಪರೇಷನ್ ಮುಗಿಸಿಬಿಡಬೇಕಿತ್ತು. ಮುಕ್ಕಾಲು ಗಂಟೆಯ ಕೆಲಸ. ಈ ಮಾತನ್ನು ಈಗ ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಹೇಳಬೇಕಾಗಿದ್ದ ದಿನ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ನಾನು ಎನಿಫಾ ಲೋಂಗ್ವೆ. ಸರೋವರದ ದಡದಲ್ಲಿರುವ ನಮ್ಮ ಆಸ್ಪತ್ರೆಯಲ್ಲಿ ಹದಿನೇಳು ವರ್ಷದಿಂದ ಕ್ಲಿನಿಕಲ್ ಆಫೀಸರ್. ಓದಿನ ಲೆಕ್ಕದಲ್ಲಿ ಪೂರಾ ಡಾಕ್ಟರ್ ಅಲ್ಲ. ಆದರೆ ಪೂರಾ ಡಾಕ್ಟರುಗಳು ರಾಜಧಾನಿ ಲಿಲೋಂಗ್ವೆ ಬಿಟ್ಟು ಈ ಕಡೆ ತಲೆ ಹಾಕುವುದಿಲ್ಲವಾದ್ದರಿಂದ ಕತ್ತರಿ ಹಿಡಿಯುವವಳು ನಾನೇ. ಹೆರಿಗೆಯ ಆಪರೇಷನ್ ನಾನೇ, ಕೊಳೆತ ಬೆರಳು ತೆಗೆಯುವುದು ನಾನೇ, ಹರ್ನಿಯಾ ನಾನೇ. ನಮ್ಮ ಗಂಡಸರು ದಡದಲ್ಲಿ ಸಾಲಾಗಿ ನಿಂತು ಬಲೆ ಎಳೆಯುವವರು. ಎಳೆದು ಎಳೆದು ಹೊಟ್ಟೆಯ ಕೆಳಗಿನ ಗೋಡೆ ಸಡಿಲವಾಗಿ ಕರುಳು ತೊಡೆಸಂದಿಗೆ ಇಳಿಯುತ್ತದೆ, ನಿಂಬೆಹಣ್ಣಿನಷ್ಟು ಇದ್ದದ್ದು ಮಾವಿನಕಾಯಿಯಷ್ಟಾಗುತ್ತದೆ. ಅದನ್ನು ಒಳಗೆ ತಳ್ಳಿ ಹೊಲಿಗೆ ಹಾಕುವುದರಲ್ಲಿ ನನ್ನ ಕೈ ಪಳಗಿದೆ. ಜಂಬವಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಮಾವನಿಗೂ ಅದೇ ಆಗಿತ್ತು. ಎರಡು ವರ್ಷದಿಂದ ಮುಚ್ಚಿಟ್ಟುಕೊಂಡಿದ್ದನಂತೆ. ಮೋಫಾಟ್ ಮ್ಫಾಂಡೆ ನನ್ನ ತಾಯಿಯ ಅಣ್ಣ. ಒಂಬತ್ತು ವರ್ಷಕ್ಕೆ ತಾಯಿ ಕಳೆದುಕೊಂಡ ನನ್ನನ್ನು ತನ್ನ ದೋಣಿಯಲ್ಲಿ ಕೂರಿಸಿಕೊಂಡು ಬಂದು ಸಾಕಿದವನು. ಶಾಲೆಯ ಹಾಸ್ಟೆಲಿಗೆ ಶುಕ್ರವಾರ ತಪ್ಪಿಸದೆ ಒಣಗಿದ ಉಸಿಪಾ ಮೀನು ತಂದುಕೊಟ್ಟವನು. ನಮ್ಮವರಲ್ಲಿ ಸೋದರಮಾವ ಸೊಸೆಯ ಮುಂದೆ ಅಂಗಿ ಬಿಚ್ಚುವುದೂ ಕಷ್ಟ. ಅಂಥದ್ದರಲ್ಲಿ ಅವನು ನಾಚಿಕೆ ನುಂಗಿಕೊಂಡು ಏಳು ಮೈಲಿ ನಡೆದು ನನ್ನ ಹತ್ತಿರವೇ ಬಂದಿದ್ದ. ವಾರ್ಡಿನ ಗಂಡಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವನು ಸೂರು ನೋಡುತ್ತಾ, ನಾನು ಗೋಡೆ ನೋಡುತ್ತಾ, ಹೇಗೋ ಪರೀಕ್ಷೆ ಮುಗಿಯಿತು.

"ಊರವರ ಮಾವಂದಿರ್ದೆಲ್ಲ ಹೊಲಿತೀಯಂತೆ. ನಂದೊಂದು ಹೊಲಿದು ಕಳಿಸ್ಬಿಡು," ಎಂದ. "ಬೇರೆಯವರ ಕೈಗೆ ಕೊಡ್ಬೇಡ ಮಗಳೇ. ಮಾನ ಹೋದ್ರೆ ಮನೆಯವರ ಮುಂದೇನೇ ಹೋಗ್ಲಿ."

ನಾನು ಏನಂದೆ? ಜೂನ್‌ವರೆಗೆ ಕಾಯಿ ಎಂದೆ.

ಯಾಕೆ ಹಾಗಂದೆ ಎಂದು ಹೇಳದಿದ್ದರೆ ಇದೆಲ್ಲ ಹುಚ್ಚರ ಕಥೆಯಂತೆ ಕಾಣುತ್ತದೆ. ನಮ್ಮ ಆಸ್ಪತ್ರೆಯ ಮಾತಿನಲ್ಲಿ ರೋಗಿಗಳಲ್ಲಿ ಎರಡು ಬಗೆ, ಬಿಸಿ ಕೇಸು ಮತ್ತು ತಣ್ಣಗಿನ ಕೇಸು. ಇವತ್ತೇ ಕೊಯ್ಯದಿದ್ದರೆ ಸಾಯುವುದು ಬಿಸಿ ಕೇಸು. ನಾಳೆ ನಾಡಿದ್ದು ಎಂದು ತಳ್ಳಬಹುದಾದದ್ದು ತಣ್ಣಗಿನದು. ಹರ್ನಿಯಾ ತಣ್ಣಗಿನದು, ಆದರೆ ಇಳಿದ ಕರುಳು ಸಂದಿಯಲ್ಲೇ ಹಿಸುಕಿಕೊಂಡು ರಕ್ತ ನಿಂತುಹೋದರೆ ಅದರಷ್ಟು ಬಿಸಿಯಾದದ್ದು ಇನ್ನೊಂದಿಲ್ಲ. ಈ ಪಾಠವನ್ನು ನರ್ಸಿಂಗ್ ಹುಡುಗಿಯರಿಗೆ ವರ್ಷವರ್ಷವೂ ಹೇಳಿಕೊಡುವವಳು ನಾನೇ.

ಪ್ರತಿ ಜೂನ್‌ನಲ್ಲಿ ಸ್ಕಾಟ್ಲೆಂಡಿನಿಂದ ಹತ್ತು ದಿನದ ಮಟ್ಟಿಗೆ ಹದಿನಾಲ್ಕು ಜನ ಬರುತ್ತಾರೆ. ಡಾಕ್ಟರುಗಳು, ನರ್ಸುಗಳು, ಓದುವ ಹುಡುಗರು. ತಮ್ಮ ರಜೆ, ತಮ್ಮ ಟಿಕೆಟ್ಟು, ತಮ್ಮ ಖುಷಿ. ಎಲ್ಲರಿಗೂ ಒಂದೇ ನೀಲಿ ಅಂಗಿ. ಒಳ್ಳೆಯ ಜನ. ನಾನು ಹೀಗಂದರೆ ಕುಹಕ ಎಂದುಕೊಳ್ಳುತ್ತಾರೆ, ಅಲ್ಲ, ನಿಜಕ್ಕೂ ಒಳ್ಳೆಯವರು. ಎರಡು ವರ್ಷದ ಹಿಂದೆ ಅವರು ಬಂದಾಗ ಇಲ್ಲಿ ಕೊಯ್ಯುವುದಕ್ಕೆ ಹನ್ನೊಂದೇ ಜನ ಇದ್ದರು. ಯಾಕೆಂದರೆ ಉಳಿದವರನ್ನೆಲ್ಲ ನಾನು ಆಗಲೇ ಕೊಯ್ದು ಮನೆಗೆ ಕಳಿಸಿದ್ದೆ. ಅತಿಥಿಗಳು ಜಗಲಿಯಲ್ಲಿ ಕೂತು ಕೈಗವಸು ಊದಿ ಮಕ್ಕಳಿಗೆ ಬಲೂನು ಮಾಡಿಕೊಟ್ಟರು. ಹೆರಿಗೆ ವಾರ್ಡಿನ ಗೋಡೆಗೆ ಜಿರಾಫೆ ಬರೆದರು. ಹೋಗುವಾಗ ನಮ್ಮ ಆಡಳಿತಾಧಿಕಾರಿ ಗೋಂಡ್ವೆಯ ಹತ್ತಿರ ಬಹಳ ಮರ್ಯಾದೆಯಿಂದ, ಇದಕ್ಕಿಂತ ಹೆಚ್ಚು ಅಗತ್ಯವಿರುವ ಜಾಗ ಬೇರೆ ಇರಬಹುದೇನೋ ಎಂದು ಹೇಳಿ ಹೋದರು.

ಗೋಂಡ್ವೆಗೆ ಜೀವವೇ ಹೋದಂತಾಯಿತು. ಅತಿಥಿಗಳ ಹಿಂದೆಯೇ ಜನರೇಟರಿನ ಡೀಸೆಲ್, ಛಾವಣಿಯ ತಗಡು, ಪೆಟ್ಟಿಗೆಗಟ್ಟಲೆ ದಾರ ಮತ್ತು ಔಷಧಿ ಬರುತ್ತಿದ್ದವು. ಅವರು ಇನ್ನೊಂದು ಊರು ನೋಡಿಕೊಂಡರೆ ಅದೂ ಹೋಯಿತು. ಅಂದಿನಿಂದ ಹೊಸ ಪದ್ಧತಿ ಬಂತು. ಮಾರ್ಚ್ ಬಂದರೆ ತಣ್ಣಗಿನ ಕೇಸು ಮುಟ್ಟುವಂತಿಲ್ಲ. ಹೆಸರು ಬರೆದುಕೊಂಡು, ಜೂನ್‌ನಲ್ಲಿ ದೊಡ್ಡ ಡಾಕ್ಟರು ಬರುತ್ತಾರೆ ಎಂದು ಹೇಳಿ ಕಳಿಸುವುದು. ನೆಂಟರು ಬರುತ್ತಾರೆಂದು ಕೋಳಿ ಕಟ್ಟಿಹಾಕುತ್ತೇವಲ್ಲ, ಹಾಗೆ.

ಮೊದಲ ವರ್ಷ ಜಗಳವಾಡಿದೆ. ಎರಡನೆಯ ವರ್ಷ ಆಡಲಿಲ್ಲ. ಅದರ ಕಾರಣವನ್ನೂ ಹೇಳಿಬಿಡುತ್ತೇನೆ. ಸೆಪ್ಟೆಂಬರಿನಲ್ಲಿ ಇಲ್ಲಿಂದ ಒಬ್ಬರನ್ನು ಮೂರು ತಿಂಗಳು ತಮ್ಮ ಊರಿಗೆ ಕರೆಸಿಕೊಂಡು, ಹೊಟ್ಟೆ ಸೀಳದೆ ಸಣ್ಣ ತೂತಿನಿಂದ ಆಪರೇಷನ್ ಮಾಡುವುದನ್ನು ಕಲಿಸುತ್ತೇವೆ ಎಂದು ಅತಿಥಿಗಳು ಬರೆದಿದ್ದರು. "ಮಾಯಿ ಲೋಂಗ್ವೆ, ಈ ಜೂನ್ ಚೆನ್ನಾಗಿ ಆದ್ರೆ ನಿಮ್ಮ ಹೆಸರೇ," ಎಂದು ಗೋಂಡ್ವೆ, ಅಮ್ಮ ಎನ್ನುವ ಗೌರವದ ಮಾಯಿ ಸೇರಿಸಿ, ನನ್ನ ಮುಂದೆ ಆಸೆ ಒಡ್ಡಿದ. ನಲವತ್ತೈದು ವರ್ಷಕ್ಕೆ ನನಗೂ ವಿಮಾನ ಹತ್ತುವ ಆಸೆ ಹುಟ್ಟಿತು. ಆ ವರ್ಷ ಅರವತ್ತು ಹೆಸರು ಎತ್ತಿಡಬೇಕೆಂದ. ನಾನು ಅರವತ್ತೆರಡು ಎತ್ತಿಟ್ಟೆ. ಮಾವನದು ಒಂಬತ್ತನೆಯದು.

ಅವನಿಗೆ ಮಾತ್ರ ಬೇರೆಯೇ ಕಾರಣ ಹೇಳಿದೆ. ಅವರು ಒಳಗೆ ಒಂದು ಜಾಲರಿ ಇಟ್ಟು ಹೊಲಿಯುತ್ತಾರೆ, ಅದು ಸಾಯುವವರೆಗೂ ಬಿಡುವುದಿಲ್ಲ, ನಾನು ಬರೀ ದಾರದಲ್ಲಿ ಹೊಲಿಯುವವಳು, ನಿನಗೆ ಒಳ್ಳೆಯದೇ ಆಗಲಿ ಎಂದು ಹೇಳುತ್ತಿದ್ದೇನೆ ಎಂದೆ. ಅರ್ಧ ಸತ್ಯ. ನನ್ನ ಹೊಲಿಗೆ ಬಿಟ್ಟುಕೊಂಡು ವಾಪಸು ಬಂದವರನ್ನು ಬೆರಳಲ್ಲಿ ಎಣಿಸಬಹುದು. ಮಾವ, ಬಲೆಗೂ ಜಾಲರಿ, ಬಲೆ ಹೆಣೆಯುವವನ ಹೊಟ್ಟೆಗೂ ಜಾಲರಿಯೇ ಎಂದು ತಾನೇ ನಕ್ಕು ಹೊರಟುಹೋದ. ಅವನಿಗೆ ನನ್ನ ಮಾತೆಂದರೆ ಅಷ್ಟು ನಂಬಿಕೆ. ಹಾಳಾದ ನಂಬಿಕೆ.

ಮೇ ತಿಂಗಳ ಕೊನೆಯಲ್ಲಿ ಇನ್ನೊಮ್ಮೆ ಬಂದ. ಈ ಸಲ ನಡೆದಲ್ಲ, ಬಾಡಿಗೆ ಸೈಕಲ್ಲಿನ ಹಿಂದೆ ಕೂತು. ಉಸಿಪಾ ಹಿಂಡುಹಿಂಡಾಗಿ ದಡಕ್ಕೆ ಬರುವ ಕಾಲ, ಬಲೆ ಎಳೆಯದೆ ಇರು ಎಂದರೆ ಅವನು ಕೇಳುತ್ತಾನೆಯೇ? ಗಡ್ಡೆ ಗಟ್ಟಿಯಾಗಿ ಹೊರಗೇ ನಿಂತುಬಿಟ್ಟಿತ್ತು. ಮಲಗಿಸಿ, ಕಾಲು ಎತ್ತಿಸಿ, ಬೆಚ್ಚಗಿನ ಬಟ್ಟೆ ಇಟ್ಟು ಒಂದು ಗಂಟೆ ನಿಧಾನವಾಗಿ ಒತ್ತಿದ ಮೇಲೆ ಗುಳಕ್ ಎಂದು ಒಳಗೆ ಹೋಯಿತು. ಮಾವನ ಹಣೆ ಬೆವರಿನಲ್ಲಿ ತೋಯ್ದಿತ್ತು. ನನ್ನದೂ.

"ಈಗ್ಲೇ ಮುಗಿಸ್ಬಿಡೇ ಎನಿಫಾ," ಎಂದ. ಈ ಸಲ ತಮಾಷೆ ಇರಲಿಲ್ಲ. "ಆ ಜಾಲರಿ ಪಾಲರಿ ನಂಗೆ ಬೇಡ. ನಿನ್ನ ದಾರ ಸಾಕು. ನಾನೇನು ಇನ್ನೂ ನಲವತ್ತು ವರ್ಷ ಬದುಕ್ಬೇಕಾ?"

ನೆಟ್ಟಗೆ ಗೋಂಡ್ವೆಯ ಕೋಣೆಗೆ ಹೋಗಿ, ಇವನೊಬ್ಬನನ್ನು ಇವತ್ತೇ ಮಾಡುತ್ತೇನೆ, ನನ್ನ ಮಾವ, ಅಪಾಯವಿದೆ ಎಂದೆ. ಗೋಂಡ್ವೆ ಕನ್ನಡಕ ಒರೆಸುತ್ತಾ, ಇನ್ನು ಹದಿನೆಂಟೇ ದಿನವಲ್ಲವೇ, ಇವತ್ತು ನಿಮ್ಮ ಮಾವ ಎಂದು ಮಾಡಿದರೆ ನಾಳೆ ನರ್ಸಿನ ಭಾವ, ನಾಡಿದ್ದು ಅಡುಗೆಯವನ ತಮ್ಮ, ಕೊನೆಗೆ ಬಂದವರಿಗೆ ಏನು ಉಳಿಯುತ್ತದೆ ಎಂದ. ಮತ್ತೆ ದನಿ ತಗ್ಗಿಸಿ, ಸೆಪ್ಟೆಂಬರಿನ ವಿಷಯ ನೆನಪಿದೆಯಲ್ಲ ಎಂದ. ನಾನು ಅವನ ಮೇಜಿನ ಮೇಲಿದ್ದದ್ದನ್ನೆಲ್ಲ ಎತ್ತಿ ಎಸೆದು ಬಂದೆ ಎಂದು ಹೇಳಬೇಕೆಂದಿದೆ. ಎಸೆಯಲಿಲ್ಲ. ವಾಪಸು ಬಂದು ಮಾವನಿಗೆ ನೋವಿನ ಮಾತ್ರೆ ಕೊಟ್ಟು, ಹದಿನೆಂಟು ದಿನ ಹಲ್ಲು ಕಚ್ಚಿಕೊಂಡಿರು ಎಂದೆ.

ಅವನು ಮಾತ್ರೆ ಕಿಸೆಗೆ ಹಾಕಿಕೊಂಡು, ಆಯ್ತು ಡಾಕ್ಟ್ರೇ ಎಂದ. ಅಲ್ಲಿಯವರೆಗೆ ಒಂದು ದಿನವೂ ಅವನು ನನ್ನನ್ನು ಡಾಕ್ಟ್ರೇ ಎಂದು ಕರೆದಿರಲಿಲ್ಲ.

ಜೂನ್ ಹದಿಮೂರಕ್ಕೆ ಅತಿಥಿಗಳು ಬಂದರು. ಮರುದಿನ ಆರಿಸುವ ದಿನ. ಎತ್ತಿಟ್ಟ ಅರವತ್ತೆರಡು ಜನರ ಜೊತೆಗೆ ಸುದ್ದಿ ಕೇಳಿ ಬಂದವರೂ ಸೇರಿ ಮಾವಿನ ಮರದ ಕೆಳಗೆ ಜಾತ್ರೆಯಷ್ಟು ಜನ. ಪದ್ಧತಿ ಹೀಗೆ: ಪರೀಕ್ಷೆ ಮಾಡಿ ಕೈಗೆ ಬಣ್ಣದ ಕಾಗದದ ಪಟ್ಟಿ ಕಟ್ಟುತ್ತಾರೆ. ಹಸಿರು ಕಟ್ಟಿದರೆ ಆಪರೇಷನ್, ಕೆಂಪು ಕಟ್ಟಿದರೆ ಮನೆಗೆ. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹೆಂಡತಿ ನ್ಯಾಬಾಂಡಾ ಅತ್ತೆಯ ಜೊತೆ ಬೆಳಿಗ್ಗೆ ಐದಕ್ಕೇ ಬಂದು ಕೂತಿದ್ದ. ಅತ್ತೆ ಐದು ದಿನಕ್ಕಾಗುವಷ್ಟು ಮರಗೆಣಸಿನ ಹಿಟ್ಟು, ಪಾತ್ರೆ, ಚಾಪೆ ಎಲ್ಲ ಕಟ್ಟಿಕೊಂಡು ಬಂದಿದ್ದಳು.

ನೀಲಿ ಅಂಗಿಯ ಹುಡುಗಿಯೊಬ್ಬಳು ಮಾವನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ಮುಖ ಸಪ್ಪಗಾಯಿತು. ಇನ್ನೊಮ್ಮೆ ನೋಡಿದಳು. ನೂರ ತೊಂಬತ್ತಾರು. ಅವಳ ಕೈಯಲ್ಲಿದ್ದ ನಿಯಮದ ಹಾಳೆಯಲ್ಲಿ ನೂರ ಎಂಬತ್ತು ದಾಟಿದವರು ಬೇಡ ಎಂದಿತ್ತು. ಅವಳು ಮಂಡಿಯೂರಿ, ಎಲ್ಲೋ ಕಲಿತುಕೊಂಡು ಬಂದ ನಮ್ಮ ಭಾಷೆಯ ಒಂದೇ ಮಾತಿನಲ್ಲಿ ಕ್ಷಮೆ ಕೇಳಿ, ಮಾವನ ಕೈಗೆ ಕೆಂಪು ಪಟ್ಟಿ ಕಟ್ಟಿದಳು.

ನಾನು ಓಡಿಹೋಗಿ ಅವರ ಹಿರಿಯ ಡಾಕ್ಟರ್ ಪೆಟ್ರಿಯವರನ್ನು ಹಿಡಿದುಕೊಂಡೆ. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಅವರು ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಇಷ್ಟು ಒತ್ತಡವಿರುವಾಗ ತುರ್ತಿಲ್ಲದ ಆಪರೇಷನ್ ಮಾಡಿ ಮೆದುಳಿಗೆ ಪೆಟ್ಟಾದರೆ, ಹತ್ತು ದಿನಕ್ಕೆ ಹೊರಟುಹೋಗುವ ನಾವು ಅವನನ್ನು ನೋಡಿಕೊಳ್ಳುವುದಕ್ಕೆ ಇರುವುದಿಲ್ಲ, ಹಾಗೆ ಬಿಟ್ಟು ಹೋಗುವುದು ತಪ್ಪು ಎಂದರು. ಸರಿಯಾದ ಮಾತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ನನ್ನ ಮೇಲೇ. ಹದಿನೈದು ವಾರ ಆ ಮನುಷ್ಯನನ್ನು ಕಾಯಿಸಿದ್ದೆ. ಅಷ್ಟು ದಿನದಲ್ಲಿ ದಿನಕ್ಕೊಂದು ಮಾತ್ರೆ ಕೊಟ್ಟಿದ್ದರೆ ಒತ್ತಡ ಇಳಿಯುತ್ತಿತ್ತು. ಮಾತ್ರೆ ನಮ್ಮ ಕಪಾಟಿನಲ್ಲೇ ಇತ್ತು. ಕೊಡಲಿಲ್ಲ, ಯಾಕೆಂದರೆ ಒತ್ತಡವನ್ನೇ ನೋಡಿರಲಿಲ್ಲ. ಎರಡು ಸಲ ನನ್ನ ಮೇಜಿನ ಮೇಲೆ ಮಲಗಿದ್ದ, ಎರಡು ಸಲವೂ ನೋಡಲಿಲ್ಲ. ನನ್ನ ರೋಗಿಯಾಗಿದ್ದರೆ ನೋಡುತ್ತಿದ್ದೆ. ಅವನು ಅತಿಥಿಗಳಿಗೆ ಎತ್ತಿಟ್ಟವನಲ್ಲವೇ, ನೋಡುವುದು ಅವರ ಕೆಲಸ ಎಂದುಕೊಂಡಿದ್ದೆ.

ಮಾವ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. "ಇಷ್ಟು ದಿನ ಕಾಯ್ಸಿ, ಕೊನೆಗೆ ಫೇಲ್ ಮಾಡಿ ಕಳಿಸ್ತಿದೀರಲ್ಲೇ," ಎಂದ.

ಅತಿಥಿಗಳು ಇಪ್ಪತ್ತಮೂರಕ್ಕೆ ಹೊರಡುತ್ತಾರೆ, ಅಲ್ಲಿಯವರೆಗೆ ಈ ಮಾತ್ರೆ ನುಂಗು, ಬಲೆ ಮುಟ್ಟಬೇಡ, ಅವರು ಹೋದ ಮರುದಿನವೇ ನಾನೇ ಮಾಡುತ್ತೇನೆ ಎಂದು ಕೈ ಹಿಡಿದು ಹೇಳಿದೆ. ತಲೆಯಾಡಿಸಿದ. ಅತ್ತೆ ಬಿಚ್ಚದ ಗಂಟನ್ನೇ ಮತ್ತೆ ತಲೆಯ ಮೇಲೆ ಇಟ್ಟುಕೊಂಡಳು.

ಆಮೇಲಿನದ್ದು ಅತ್ತೆ ಹೇಳಿ ನನಗೆ ಗೊತ್ತಾದದ್ದು. ಆಸ್ಪತ್ರೆಯವರು ಕಟ್ಟಿದ್ದನ್ನು ನಾವೇ ಕಿತ್ತುಹಾಕಬಾರದು ಎಂಬುದು ನಮ್ಮ ಜನರ ಭಯ. ಹಾಗಾಗಿ ಮಾವ ಕೆಂಪು ಪಟ್ಟಿ ಕಟ್ಟಿಕೊಂಡೇ ದಡಕ್ಕೆ ಹೋದ. ಬಿಳಿಯರು ಬೇಡವೆಂದು ಬಿಟ್ಟ ರೋಗ ಎಂದರೆ ಅದೆಂಥ ರೋಗವೋ ಎಂದು ಬಲೆಯವರು ಅವನನ್ನು ಹಗ್ಗದ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹಿಂದೆ ಕೂತು ಮೀನು ಆರಿಸು ತಾತ ಎಂದರಂತೆ. ಅದು ಹೆಂಗಸರ ಕೆಲಸ, ಮಕ್ಕಳ ಕೆಲಸ. ಐದು ದಿನ ಸಹಿಸಿಕೊಂಡ. ಆರನೆಯ ದಿನ, ಶನಿವಾರ, ಎದ್ದು ಹೋಗಿ ಇಬ್ಬರನ್ನು ಪಕ್ಕಕ್ಕೆ ತಳ್ಳಿ ಹಗ್ಗ ಹಿಡಿದು ಎಳೆದ. ಬಲೆ ದಡಕ್ಕೆ ಬಂತು, ಅವನು ಅಲ್ಲೇ ಕುಸಿದ.

ಆಗಲಾದರೂ ನೆಟ್ಟಗೆ ಕರೆದುಕೊಂಡು ಬಂದಿದ್ದರೆ! ಅತ್ತೆ ಹೊರಡೋಣ ಎಂದು ಅಂಗಲಾಚಿದಳಂತೆ. ಕೆಂಪು ಕಟ್ಟಿದವರನ್ನು ಅವರು ಹೋಗುವ ತನಕ ಗೇಟಿನ ಒಳಗೆ ಬಿಡುವುದಿಲ್ಲ, ಅಲ್ಲಿಗೆ ಹೋಗಿ ಎನಿಫಾಳ ಮರ್ಯಾದೆ ಯಾಕೆ ಕಳೆಯಬೇಕು ಎಂದು ಮಾವ ಹಟ ಹಿಡಿದನಂತೆ. ಕೆಂಪು ಪಟ್ಟಿ ಎಂದರೆ ಆಸ್ಪತ್ರೆಗೆ ಬರಬೇಡ ಎಂದಲ್ಲ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಇಡೀ ರಾತ್ರಿ ವಾಂತಿ ಮಾಡಿಕೊಂಡ. ಭಾನುವಾರ ಬೆಳಿಗ್ಗೆ ಮಾತು ನಿಂತ ಮೇಲೆ ಅಕ್ಕಪಕ್ಕದವರು ದೋಣಿಯಲ್ಲಿ ಮಲಗಿಸಿ ತಂದರು.

ಭಾನುವಾರ ಅತಿಥಿಗಳ ಬಿಡುವಿನ ದಿನ. ಎಲ್ಲರೂ ದ್ವೀಪಕ್ಕೆ ಈಜಲು ಹೋಗಿದ್ದರು. ಹೊಟ್ಟೆ ಕೆಟ್ಟು ಎರಡು ದಿನದಿಂದ ಮಲಗಿದ್ದ ಪೆಟ್ರಿಯವರೊಬ್ಬರೇ ಉಳಿದಿದ್ದರು. ಮಾವನ ಹೊಟ್ಟೆ ಮುಟ್ಟಿದೆ. ಹಲಗೆಯಷ್ಟು ಗಟ್ಟಿ. ಅವರ ಕೋಣೆಯ ಬಾಗಿಲು ಬಡಿದೆ. ಅವರು ಕೂಡಲೇ ಎದ್ದು ಬಂದರು. ಕೈ ತೊಳೆಯುವಾಗ ಅವರ ಬೆರಳು ನಡುಗುತ್ತಿದ್ದವು. ನನ್ನನ್ನು ನೋಡಿ, ನೀವು ಮಾಡಿ, ನಾನು ಜೊತೆಗೆ ನಿಲ್ಲುತ್ತೇನೆ ಎಂದರು.

ಮಾರ್ಚ್‌ನಲ್ಲಿ ಮಾವ ಕೇಳಿಕೊಂಡದ್ದೂ ಇದನ್ನೇ, ನನ್ನ ಕೈ. ಕೊಯ್ದೆ. ಒಂದು ಗೇಣಿಗಿಂತ ಹೆಚ್ಚು ಕರುಳು ಕಪ್ಪಾಗಿ ಸತ್ತುಹೋಗಿತ್ತು. ಹಳಸಿದ ವಾಸನೆ ಕೋಣೆಯ ತುಂಬ. ಸತ್ತದ್ದನ್ನು ಕತ್ತರಿಸಿ ತೆಗೆದು, ಒಳ್ಳೆಯ ತುದಿಗಳೆರಡನ್ನು ಸೇರಿಸಿ ಹೊಲಿಯತೊಡಗಿದೆ. ಪೆಟ್ರಿಯವರು ಸಹಾಯಕನಂತೆ ಗಾಯ ಅಗಲಿಸುವ ಕೊಕ್ಕೆ ಹಿಡಿದು ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟರು.

"ಹರ್ನಿಯಾ ಎಷ್ಟು ಮಾಡಿರಬಹುದು ನೀವು?"

"ಏಳ್ನೂರು ದಾಟಿದೆ."

"ನಮಗೆ ಬಂದ ಕಾಗದದಲ್ಲಿ, ಇಲ್ಲಿ ಇದನ್ನ ಮಾಡೋರು ಯಾರೂ ಇಲ್ಲ, ಅರವತ್ತೆರಡು ಜನ ಕಾಯ್ತಿದಾರೆ ಅಂತ ಇತ್ತಲ್ಲ."

ಕಾಗದ ಬರೆದವನು ಗೋಂಡ್ವೆ. ಅರವತ್ತೆರಡು ಎಂಬ ಅಂಕೆ ತುಂಬಿದವಳು ನಾನು. ನಾನು ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಮತ್ತೆ ಇವರನ್ನ ಯಾಕೆ ಕಾಯಿಸಿದ್ರಿ?"

"ನಿಮಗೋಸ್ಕರ," ಎಂದೆ.

ಕೊನೆಯ ಹೊಲಿಗೆಯ ದಾರ ಕತ್ತರಿಸುವಾಗ ಅವರು, ಇಲ್ಲಿ ಯಾರೂ ಇಲ್ಲ ಅಂತಲೇ ಪ್ರತಿ ವರ್ಷ ರಜೆ ಹಾಕಿ ಬರುತ್ತಿದ್ದೆ ಎಂದು ತಮಗೆ ತಾವೇ ಹೇಳಿಕೊಂಡಂತೆ ಗೊಣಗಿದರು. ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು, ಬರಲಿಲ್ಲ. ಇದೇ ಪ್ರಶ್ನೆಯನ್ನು ಎರಡು ವರ್ಷದ ಹಿಂದೆ, ಆ ಜಗಲಿಯ ಮೇಲೆ ಬಲೂನು ಊದುತ್ತಾ ಕೇಳಿದ್ದರೆ ಏನಾಗುತ್ತಿತ್ತು ನಿಮಗೆ? ಹನ್ನೊಂದೇ ಜನ ಉಳಿದಿದ್ದಾರೆಂದರೆ ಉಳಿದವರನ್ನು ಯಾರೋ ಮಾಡಿರಬೇಕಲ್ಲ ಎಂದು ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಇದನ್ನೂ ನಾನು ಬಾಯಿಬಿಟ್ಟು ಕೇಳಲಿಲ್ಲ.

ಮಂಗಳವಾರ ಮಧ್ಯಾಹ್ನ ಬೀಳ್ಕೊಡುಗೆ. ಹಾಡು, ಕುಣಿತ, ಚಾಂಬೊ ಮೀನಿನ ಊಟ. ಗೋಂಡ್ವೆ ಎದ್ದು ನಿಂತು, ಐವತ್ತೆಂಟು ಆಪರೇಷನ್, ಒಂದೇ ಒಂದು ಸಾವಿಲ್ಲ ಎಂದು ಓದಿದ. ಚಪ್ಪಾಳೆ. ಆಮೇಲೆ ಸೆಪ್ಟೆಂಬರಿನಲ್ಲಿ ಅತಿಥಿಗಳ ಊರಿಗೆ ಹೋಗುವವರು ಮಾಯಿ ಎನಿಫಾ ಲೋಂಗ್ವೆ ಎಂದ. ಇನ್ನೂ ದೊಡ್ಡ ಚಪ್ಪಾಳೆ. ಮಾವ ಹತ್ತು ಹೆಜ್ಜೆ ದೂರದ ವಾರ್ಡಿನಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಜ್ವರದಲ್ಲಿ ಬೇಯುತ್ತಿದ್ದ. ನಾನು ಎದ್ದು ನಿಂತು ನಕ್ಕೆ. ಹೌದು, ನಕ್ಕೆ. ಪೆಟ್ರಿಯವರು ಚಪ್ಪಾಳೆ ತಟ್ಟಲಿಲ್ಲ, ಊಟವನ್ನೂ ಮಾಡಲಿಲ್ಲ, ವಾರ್ಡಿಗೆ ಹೋಗಿ ಮಾವನ ಮಂಚದ ಪಕ್ಕ ಕೂತಿದ್ದರು. ಬುಧವಾರ ಬೆಳಿಗ್ಗೆ ಬಸ್ಸು ಹತ್ತುವಾಗ ಫೋನ್ ನಂಬರು ಬರೆದುಕೊಟ್ಟು, ಹೇಗಿದ್ದಾರೆಂದು ತಿಳಿಸಿ ಎಂದರು.

ಬುಧವಾರ ಸಂಜೆ ಮಾವ ಹೋದ. ಹೊಲಿದ ಜಾಗ ಸೋರಿರಬೇಕು. ಅಷ್ಟು ಹೊತ್ತು ಕೊಳೆತ ಕರುಳಿಗೆ ಯಾರು ಹೊಲಿಗೆ ಹಾಕಿದರೂ ಸೋರುತ್ತಿತ್ತು ಎಂದು ನಾನು ಹೇಳಬಹುದು, ಪೆಟ್ರಿಯವರೂ ಆಮೇಲೆ ಹಾಗೆಯೇ ಬರೆದರು. ಸಾಯುವ ಮುಂಚೆ ಅವನಿಗೆ ಸ್ವಲ್ಪ ಎಚ್ಚರ ಬಂದಿತ್ತು. ನಾನು ಕೈ ಹಿಡಿದು, ತಪ್ಪಾಯಿತು ಮಾವ ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ.

"ನೀನೇ ಮಾಡಿದ್ಯಾ?" ಎಂದ.

"ಹೂಂ ಮಾವ, ನಾನೇ."

"ಸರಿ ಹಾಗಾದ್ರೆ," ಎಂದು ಕಣ್ಣು ಮುಚ್ಚಿಕೊಂಡ.

ಶುಕ್ರವಾರ ಮಣ್ಣು ಮಾಡಿದೆವು. ನಮ್ಮಲ್ಲಿ ಹೆಂಗಸರು ಸತ್ತವರ ಮನೆಯ ಒಳಗೆ ನೆಲದ ಮೇಲೆ ಕೂರುತ್ತಾರೆ. ನಾನು ಅತ್ತೆಯ ಪಕ್ಕ ಕೂತಿದ್ದೆ. ನಲವತ್ತು ಹೆಂಗಸರ ಮುಂದೆ ಅತ್ತೆ ನನ್ನ ಕಡೆ ತಿರುಗಿದಳು. ಅಳುತ್ತಿರಲಿಲ್ಲ, ಕೂಗಲೂ ಇಲ್ಲ.

"ಆ ದೊಡ್ಡ ಡಾಕ್ಟ್ರು ಅಲ್ಲೇ ನಿಂತಿದ್ರಲ್ಲ ಎನಿಫಾ. ಅವರ ಕೈಲಿ ಮಾಡಿಸ್ಬಾರ್ದಾಗಿತ್ತಾ? ಸ್ವಂತ ಮಾವ, ನಾನೇ ಮಾಡ್ಬೇಕು ಅಂತ ನಿಂಗ್ಯಾಕೆ ಬೇಕಿತ್ತು ಆ ಹಟ?"

ಒಬ್ಬಳು ಹೌದೆಂಬಂತೆ ನಿಟ್ಟುಸಿರುಬಿಟ್ಟಳು. ನಾನು ಹೇಳುವುದಾದರೂ ಏನನ್ನು? ದೊಡ್ಡ ಡಾಕ್ಟರು ಬರುತ್ತಾರೆ, ನನ್ನದು ಬರೀ ದಾರ, ಅವರದು ಜಾಲರಿ ಎಂದು ಎರಡು ವರ್ಷದಿಂದ ಈ ದಡದ ಮನೆಮನೆಗೂ ಕಲಿಸಿದವಳು ನಾನು. ಅತ್ತೆಗೂ ನಾನೇ ಕಲಿಸಿದ್ದೆ. ಚೆನ್ನಾಗಿ ಕಲಿತಿದ್ದಳು.

ಸೋಮವಾರ ಕೆಲಸಕ್ಕೆ ಹೋದೆ. ಗೋಂಡ್ವೆಯನ್ನು ನೋಡಿ, ಇವತ್ತಿನಿಂದ ಬಿಸಿ ತಣ್ಣಗಿನ ಎಂಬ ಮಾತಿಲ್ಲ, ಬಂದವರನ್ನು ಬಂದ ದಿನವೇ ಮಾಡುತ್ತೇನೆ, ಬೇಕಾದರೆ ನನ್ನನ್ನು ಕೆಲಸದಿಂದ ತೆಗೆ ಎಂದು ಏಕವಚನದಲ್ಲೇ ಹೇಳಿದೆ. ಅವನು ತಲೆ ತಗ್ಗಿಸಿ ಕೂತಿದ್ದ. ಮೇಜು ತೊಳೆಸಿದೆ, ಸಾಮಾನು ಕುದಿಸಲು ಇಟ್ಟೆ. ಮೊದಲು ಬಂದವನು ಸೈಕಲ್ ಬಾಡಿಗೆ ಓಡಿಸುವ ವೈಸನ್. ಮೂವತ್ತು ವರ್ಷ, ಹೊಸದಾಗಿ ಮದುವೆಯಾದವನು. ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಮೊದಲು ರಕ್ತದೊತ್ತಡ ನೋಡಿದೆ, ಚೆನ್ನಾಗಿತ್ತು. ಏನೂ ತಿಂದಿಲ್ಲವಾದರೆ ಇವತ್ತೇ ಮಾಡುತ್ತೇನೆ, ನಾಳೆ ಮನೆಗೆ ಹೋಗಬಹುದು ಎಂದೆ.

ಅವನು ಮೆಲ್ಲಗೆ ಮೇಜಿನಿಂದ ಇಳಿದು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ. ಜೂನ್‌ವರೆಗೆ ಕಾಯುತ್ತೇನೆ, ಬರೀ ಹೆಸರು ಬರೆಸಿ ಹೋಗೋಣವೆಂದು ಬಂದೆ ಎಂದ.

ಜೂನ್‌ಗೆ ಇನ್ನೂ ಒಂದು ವರ್ಷವಿದೆಯೋ ಮಾರಾಯ ಎಂದೆ. ಅದು ಯಾವತ್ತು ಬೇಕಾದರೂ ಸಿಕ್ಕಿಹಾಕಿಕೊಳ್ಳಬಹುದು, ಸಿಕ್ಕಿಕೊಂಡರೆ ಒಂದು ದಿನದಲ್ಲಿ ಕರುಳು ಕೊಳೆಯುತ್ತದೆ ಎಂದೆ. ಏಳ್ನೂರು ಮಾಡಿದ್ದೇನೆ ಎಂದೆ. ಆ ದೊಡ್ಡ ಡಾಕ್ಟರೇ ನನ್ನ ಎದುರು ಕೊಕ್ಕೆ ಹಿಡಿದು ನಿಂತಿದ್ದರು ಎಂದೂ ಹೇಳಿದೆ. ಹಿರಿಯರ ಮಾತು ಕೇಳುವಂತೆ ಎರಡೂ ಕೈ ಜೋಡಿಸಿ, ನೆಲ ನೋಡುತ್ತಾ, ನಾನು ಮುಗಿಸುವ ತನಕ ಅವನು ಪೂರ್ತಿ ಕೇಳಿಸಿಕೊಂಡ.

"ನಿಮ್ಮ ಮಾವಂದು ನೀವೇ ಮಾಡಿದ್ರಂತಲ್ಲ ಡಾಕ್ಟ್ರೇ?"

"ಹೌದು."

"ಅದಕ್ಕೇ," ಎಂದ. "ಬೇಜಾರ್ ಮಾಡ್ಕೋಬೇಡಿ."

ಬಾಗಿಲ ತನಕ ಅವನ ಹಿಂದೆ ಹೋದೆ. ಸೈಕಲ್ ಹತ್ತಲು ಒಮ್ಮೆ ಕಾಲೆತ್ತಿದ, ನೋವಾಗಿರಬೇಕು, ಇಳಿಸಿದ. ತಳ್ಳಿಕೊಂಡೇ ಗೇಟು ದಾಟಿ ಹೋದ.